ಮಸ್ಕತ್ತಿನ ಮದುಮಗಳ ಆಧಾರ್

೧. ವಯಸ್ಸು

"ಹುಡುಗಿಗೆ ಹದಿನೆಂಟು ತುಂಬಿದ್ಯಾ?" ದೇವಸ್ಥಾನದ ಗುಮಾಸ್ತ ತಲೆ ಎತ್ತದೆ ಕೇಳಿದ.

"ಐವತ್ತೆಂಟು ತುಂಬಿದೆ" ಎಂದೆ.

ತಲೆ ಎತ್ತಿದ. "ಹುಡುಗ ನೀವಾ?"

"ನಾನು ಅಣ್ಣ."

ಹುಡುಗಿ ನನ್ನ ತಂಗಿ. ಮೂವತ್ತು ವರ್ಷದಿಂದ ಮಸ್ಕತ್ತಿನಲ್ಲಿ ನರ್ಸು. ಮದುವೆಗೆ ಪುರುಸೊತ್ತಾಗಿರಲಿಲ್ಲ. ಹುಡುಗ ಮಲ್ಲೇಶ್ವರದ ರಿಟೈರ್ಡ್ ಮೇಷ್ಟ್ರು, ನನ್ನ ಸ್ನೇಹಿತ. ಅವಳಿಗೆ ಸಿಕ್ಕ ರಜೆ ಹದಿನೈದು ದಿನ. ಅದರಲ್ಲಿ ಹನ್ನೆರಡನೆಯ ದಿನ ಮುಹೂರ್ತ, ಚಾಮರಾಜಪೇಟೆಯ ನಮ್ಮ ಬೀದಿಯ ದೇವಸ್ಥಾನದಲ್ಲೇ.

"ವಯಸ್ಸಿಗೆ ಆಧಾರ್ ಬೇಕು ಸಾರ್. ಇಲ್ಲಾಂದ್ರೆ ಇಲ್ಲಿ ಮದುವೆ ಮಾಡಿಸಲ್ಲ."

"ಆಧಾರ್ ಮಾಡಿಸಿಲ್ಲ. ಪಾಸ್‌ಪೋರ್ಟ್ ಇದೆ."

"ಕಾರ್ಡ್ ಬಂದಿಲ್ಲಾಂದ್ರೆ ಅರ್ಜಿ ಹಾಕಿದ ಚೀಟಿನಾದ್ರೂ ತನ್ನಿ. ಪಾಸ್‌ಪೋರ್ಟ್ ಪರದೇಶಕ್ಕೆ ಸಾರ್. ಇದು ಚಾಮರಾಜಪೇಟೆ."

೨. ಹತ್ತು ಬೆರಳು

ಅರ್ಜಿಗೆ ಬೇಕಾದ್ದನ್ನ ಮಸ್ಕತ್ತಿನಿಂದಲೇ ಕಳಿಸು, ಇಲ್ಲಿ ನಾನು ಹಾಕ್ತೀನಿ ಎಂದು ತಂಗಿಗೆ ಫೋನ್ ಮಾಡಿದೆ.

"ಏನೇನು ಬೇಕಣ್ಣ?"

"ಫೋಟೋ. ಪಾಸ್‌ಪೋರ್ಟ್ ಜೆರಾಕ್ಸ್. ಹತ್ತು ಬೆರಳು."

ನನಗೆ ಬಿಡಿಸಿ ಹೇಳಿ ಅಭ್ಯಾಸವಿಲ್ಲ. ಅವಳಿಗೆ ತಿರುಗಿ ಕೇಳಿ ಅಭ್ಯಾಸವಿಲ್ಲ.

ಅವಳ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಶ್ರೀರಾಂಪುರದ ಹೆಂಗಸೊಬ್ಬರು ರಜೆಗೆ ಬಂದವರು ಒಂದು ಲಕೋಟೆ ಕೊಟ್ಟುಹೋದರು. ಒಳಗೆ ಫೋಟೋ, ಜೆರಾಕ್ಸ್, ಮತ್ತೆ ಬಿಳಿ ಹಾಳೆಯ ಮೇಲೆ ಹತ್ತು ಕೆಂಪು ಬೆರಳಚ್ಚು. ಕೆಳಗೆ ಬರೆದಿದ್ದಳು: "ಇಂಕ್ ಪ್ಯಾಡ್ ಸಿಗಲಿಲ್ಲ. ಕುಂಕುಮ ಕಲಸಿ ಒತ್ತಿದೀನಿ."

ಆಧಾರ್ ಕೇಂದ್ರಕ್ಕೆ ಒಯ್ದೆ. ಕಂಪ್ಯೂಟರ್ ಮುಂದಿದ್ದ ಹುಡುಗಿ ಹಾಳೆ ನೋಡಿದವಳೇ ಮೇಜಿನ ಕೆಳಗೆ ಚಪ್ಪಲಿ ಬಿಟ್ಟಳು.

"ಯಾವ ದೇವರದು ಸಾರ್?"

"ನನ್ನ ತಂಗಿಯದು."

ವಿಷಯ ಹೇಳಿದೆ. ಅವಳು ಚಪ್ಪಲಿ ಮೆಟ್ಟಿಕೊಂಡಳು. "ಬೆರಳು ಕಳಿಸಿದ್ರೆ ಆಗಲ್ಲ ಸಾರ್. ಬೆರಳಿನ ಜೊತೆ ಅವರೂ ಬರಬೇಕು."

೩. ನಗಬೇಡಿ

ತಂಗಿ ಬಂದಳು. ಕೇಂದ್ರದಲ್ಲಿ ಟೋಕನ್ ಸಿಕ್ಕಿದ್ದು ಮದುವೆಯ ಹಿಂದಿನ ದಿನಕ್ಕೆ. ಮೇಷ್ಟ್ರೂ ಬಂದರು.

ಯಂತ್ರ ಅವಳ ಬೆರಳು ಒಪ್ಪಲಿಲ್ಲ. ನಾಲ್ಕು ಸಲ ಒತ್ತಿದಳು.

"ಬೆರಳಲ್ಲಿ ಗೆರೆನೇ ಇಲ್ವಲ್ಲಮ್ಮ" ಎಂದಳು ಹುಡುಗಿ.

"ಮೂವತ್ತು ವರ್ಷದಿಂದ ಕೈ ತೊಳೀತಿದೀನಿ ಕಣಮ್ಮ. ಎಲ್ಲಿ ಉಳಿಯುತ್ತೆ?"

ಮೇಷ್ಟ್ರು ಮುಂದೆ ಬಂದರು. ಮೊಮ್ಮಗಳ ವಯಸ್ಸಿನ ಹುಡುಗಿಗೆ ಕೈ ಮುಗಿದರು. "ನಾಳೆ ಮದುವೆ ತಾಯಿ. ಏನಾದ್ರೂ ಮಾಡಿ."

ತಂಗಿ ಚೀಲದಿಂದ ಹತ್ತಿ ತೆಗೆದಳು. ಸ್ಪಿರಿಟ್ ಹಾಕಿ ಯಂತ್ರದ ಗಾಜು ಉಜ್ಜಿದಳು. ಹತ್ತಿ ಕಪ್ಪಾಯಿತು. ಮತ್ತೆ ಒತ್ತಿದಳು. ಹತ್ತೂ ಬೆರಳು ಬಂದವು.

"ಇದನ್ನ ಒರೆಸಿ ಎಷ್ಟು ದಿನ ಆಯ್ತು?"

"ಒರೆಸಬೇಕಾ?" ಎಂದಳು ಹುಡುಗಿ.

ಫೋಟೋದ್ದು ಬೇರೆ ಕಥೆ. "ನಗಬೇಡಿ ಅಮ್ಮ" ಎಂದರೂ ತಂಗಿ ನಗುತ್ತಿದ್ದಳು. ಕ್ಯಾಮೆರಾದ ಹಿಂದೆ ಮೇಷ್ಟ್ರು ನಿಂತಿದ್ದರು. ಐದನೆಯ ಸಲಕ್ಕೆ ಹುಡುಗಿ ಮೇಷ್ಟ್ರನ್ನು ರಸ್ತೆಗೆ ಕಳಿಸಿದಳು. ಆಮೇಲೆ ತೆಗೆದ ಫೋಟೋದಲ್ಲಿ ತಂಗಿ, ಮದುವೆ ಮುರಿದುಹೋದವಳ ಹಾಗಿದ್ದಾಳೆ.

ಚೀಟಿ ಸಿಕ್ಕಿತು.

೪. ಹಿರಿಯರ ಸಹಿ

ಮದುವೆಯ ಬೆಳಿಗ್ಗೆ ಗುಮಾಸ್ತ ಚೀಟಿಯನ್ನು ಎರಡು ಸಲ ಓದಿದ. "ಐವತ್ತೆಂಟು. ಸರಿಯಾಗಿದೆ. ಹೆಣ್ಣಿನ ಕಡೆ ಹಿರಿಯರು ಸಹಿ ಹಾಕಿ."

ಹಾಕಿದೆ.

"ನಿಮ್ಮ ಆಧಾರ್?"

"ನನಗೆ ಎಪ್ಪತ್ತೊಂದು. ಕಾಣಲ್ವೇನಯ್ಯ?"

"ಸಹಿ ಹಾಕಿದೋರ್ದೆಲ್ಲ ಬೇಕು ಸಾರ್. ರೂಲ್ಸು."

ಮುಹೂರ್ತಕ್ಕೆ ಇಪ್ಪತ್ತು ನಿಮಿಷ. ಧಾರೆ ಎರೆಯಬೇಕಾದವನು ನಾನು. ಪಂಚೆ ಎತ್ತಿ ಕಟ್ಟಿ ಮನೆಗೆ ಓಡಿದೆ. ಬೀಗದ ಕೈ ಹೆಂಡತಿಯ ಹತ್ತಿರ ಇತ್ತು. ವಾಪಸ್ ಓಡಿ ಬಂದು ಇಸಕೊಂಡು ಮತ್ತೆ ಓಡಿದೆ. ಬೀರು ಪೂರ್ತಿ ಹುಡುಕಿದೆ. ಕಾರ್ಡು ಅಕ್ಕಿ ಡಬ್ಬದ ಕೆಳಗಿತ್ತು. ಅಲ್ಲಿ ಇಟ್ಟವನು ನಾನೇ.

ಕಾರ್ಡು ಹಿಡಿದು ಏದುಸಿರು ಬಿಡುತ್ತ ಬಂದಾಗ ತಂಗಿಯ ಕೊರಳಲ್ಲಿ ತಾಳಿ ಇತ್ತು. ಮೇಷ್ಟ್ರು ಅಕ್ಷತೆ ಕೊಡವಿಕೊಳ್ಳುತ್ತಿದ್ದರು.

"ಧಾರೆ ಎರೆದದ್ದು ಯಾರು?" ಎಂದೆ.

ಗುಮಾಸ್ತ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಮುಹೂರ್ತ ಮೀರ್ತಿತ್ತು ಸಾರ್. ನಾನೇ ಎರೆದುಬಿಟ್ಟೆ."

ತಂಗಿಯ ಮದುವೆ ಆಯಿತು. ನಾನು ನೋಡಲಿಲ್ಲ.