ಸಕ್ಕರೆ ನೀರಿನ ಗುಂಗುರು

ಎಲ್ಲಕ್ಕೂ ಮೂಲ, ಬಲಮಗ್ಗುಲಿಗೆ ಮಲಗುವ ಅಭ್ಯಾಸ. ಬೆಳಿಗ್ಗೆ ಕನ್ನಡಿಯ ಮುಂದೆ ಕೂತು, ತಲೆಗೆ ಸುತ್ತಿದ್ದ ಬಟ್ಟೆಚೂರುಗಳನ್ನು ಬಿಚ್ಚಿದಾಗ ಎಡಗಿವಿಯ ಪಕ್ಕದ ಸುರುಳಿಗಳು ಸ್ಪ್ರಿಂಗಿನ ಹಾಗೆ ಪುಟಿದವು. ಬಲಗಡೆಯವು ಒದ್ದೆಯಾದ ಶೂ ಲೇಸಿನ ಹಾಗೆ ಜೋತುಬಿದ್ದವು.

ಅವಳು ಊರಿನ ಹಳೆಯ ಮ್ಯೂಸಿಯಮ್ಮಿನ ಟಿಕೆಟ್ ಹುಡುಗಿ. ಟಿಕೆಟ್ ಕಿಂಡಿ ಎಷ್ಟು ಚಿಕ್ಕದೆಂದರೆ ಜನರಿಗೆ ಅವಳ ಕೈ ಮಾತ್ರ ಕಾಣುತ್ತಿತ್ತು, ಅವಳಿಗೆ ಜನರ ಹೊಟ್ಟೆ ಮಾತ್ರ. ಇತಿಹಾಸದಲ್ಲಿ ಪದವಿ ಮುಗಿಸಿ ಹೊಟ್ಟೆಗಳನ್ನೇ ನೋಡುತ್ತ ಕೂತವಳಿಗೆ ಕೊನೆಗೊಂದು ದಾರಿ ಕಂಡಿತ್ತು. ಮ್ಯೂಸಿಯಮ್ಮಿನ ಹೆಮ್ಮೆಯಾಗಿದ್ದ, ವಿಕ್ಟೋರಿಯಾ ರಾಣಿಯ ಕಾಲದ ಮಹಿಳೆಯೊಬ್ಬಳ ತೈಲಚಿತ್ರ ಕೊಳೆ ತೆಗೆಸಲು ಹೋಗಿದ್ದು ವಾಪಸು ಬಂದಿತ್ತು. ಇವತ್ತು ಅದರ ಪರದೆ ಸರಿಸುವ ಸಮಾರಂಭ.

"ಚಿತ್ರದಲ್ಲಿರೋ ಹಾಗೇ ತಲೆ ಮಾಡ್ಕೊಂಡು ಯಾರು ಬರ್ತೀರೋ ಅವರು ಪಕ್ಕ ನಿಂತು ವಿವರಣೆ ಕೊಡಿ. ಒಪ್ಪಿಗೆಯಾದ್ರೆ ಆ ಕೆಲಸ ಅವರಿಗೇ ಕಾಯಂ" ಎಂದಿದ್ದರು ಮೇಲಧಿಕಾರಿ.

ಲೆಕ್ಕಪತ್ರದ ಮೇಡಂ ತಮ್ಮ ಗಂಡುಕ್ರಾಪಿನ ಮೇಲೆ ಕೈಯಾಡಿಸಿ, "ನನ್ನನ್ನ ಬಿಟ್ಬಿಡಿ ಸಾರ್. ಬಾಚೋಕೆ ಏನಾದ್ರೂ ಇದ್ರೆ ತಾನೆ" ಎಂದಿದ್ದರು. ಉಳಿದವಳು ಇವಳೊಬ್ಬಳೇ.

ಕಿಂಡಿಯಲ್ಲಿ ಅವಳೇ ಮಾರುತ್ತಿದ್ದ ಪೋಸ್ಟ್‌ಕಾರ್ಡಿನಲ್ಲಿ ಆ ಮಹಿಳೆಯ ಚಿತ್ರವಿತ್ತು. ನಡುಬೈತಲೆ, ಕಿವಿಯ ಪಕ್ಕ ಇಳಿಬಿದ್ದ ಗುಂಗುರು, ನೆತ್ತಿಯ ಮೇಲೆ ಗೋಪುರದಂಥ ತುರುಬು. ಆಗಿನವರು ಗುಂಗುರು ನಿಲ್ಲಲೆಂದು ಸಕ್ಕರೆ ನೀರು ಹಚ್ಚುತ್ತಿದ್ದರೆಂದು ಓದಿದ್ದಳು. ಧಾರಾಳವಾಗಿಯೇ ಹಚ್ಚಿಕೊಂಡು ಮಲಗಿದ್ದಳು.

"ಅಷ್ಟೇನಾ, ಇಸ್ತ್ರಿ ಮಾಡಿದ್ರಾಯ್ತು. ಮೇಜಿನ ಮೇಲೆ ತಲೆ ಇಡು" ಎಂದಳು ಚಿಕ್ಕಮ್ಮ, ಜೋತುಬಿದ್ದ ಬಲಗಡೆಯ ಕೂದಲು ನೋಡಿ.

"ಇಸ್ತ್ರಿ ಮಾಡಿದ್ರೆ ಇನ್ನೂ ನೆಟ್ಟಗಾಗುತ್ತೆ ಚಿಕ್ಕಮ್ಮ."

ಅಷ್ಟರಲ್ಲಿ ಕೆಳಮನೆಯ ಟೈಲರಮ್ಮ, ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ಕತ್ತರಿ ಸಮೇತ ಹತ್ತಿ ಬಂದಿದ್ದರು. ಕರೆಯದೆ ಬರುವುದು ಅವರ ಪದ್ಧತಿ. ಒಲೆಯ ಮೇಲೆ ಸೌಟಿನ ಹಿಡಿ ಕಾಯಿಸಿ, ಬಲಗಡೆಯ ಕೂದಲನ್ನು ಅದಕ್ಕೆ ಬಿಗಿಯಾಗಿ ಸುತ್ತಿದರು. ಚುರ್ ಎಂದಿತು. ಹೊಗೆ ಬಂತು. ಸುರುಳಿ ಬಹಳ ಚೆನ್ನಾಗಿ ಬಂದಿತ್ತು, ಆದರೆ ಸೌಟಿನ ಜೊತೆಗೇ ಬಂದಿತ್ತು.

ಟೈಲರಮ್ಮ ಸೌಟನ್ನು ಒಂದು ಕ್ಷಣ ನೋಡಿದರು. "ಹೋಗ್ಲಿ ಬಿಡು ಮಗಳೇ. ಆ ಕಡೆನೂ ಸಮ ಮಾಡಿಬಿಡ್ತೀನಿ. ಗಂಡುಕ್ರಾಪು, ತಲೆಗೆ ತಂಪು."

"ಬೇಡ ಆಂಟಿ. ಆ ಕಾಲದ ಹೆಂಗಸರು ಹಾಗೆಲ್ಲ ಕತ್ತರಿಸ್ಕೊಳ್ತಿರಲಿಲ್ಲ."

"ನೀನು ಹೋಗಿ ನೋಡ್ಕೊಂಡ್ ಬಂದ್ಯಾ?"

ಕತ್ತರಿಯಿಂದ ತಲೆ ತಪ್ಪಿಸಿಕೊಳ್ಳುವುದರಲ್ಲೇ ಅರ್ಧ ಬೆಳಗು ಕಳೆಯಿತು. ಕೊನೆಗೆ ಚಿಕ್ಕಮ್ಮ ಪೆಟ್ಟಿಗೆಯ ತಳದಿಂದ ತನ್ನ ಮದುವೆ ಕಾಲದ ಚೌರಿ ತೆಗೆದಳು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಆ ಸುಳ್ಳುಗೂದಲು ಬಲಗಿವಿಯ ಪಕ್ಕ ಸೇಫ್ಟಿ ಪಿನ್ನಿನಲ್ಲಿ ನೇತುಬಿತ್ತು. ತುರುಬಿನೊಳಗೆ ಎತ್ತರಕ್ಕೆಂದು ಏನನ್ನೋ ತುರುಕಿದರು.

"ನನ್ನ ಇನ್ನೊಂದು ಕಾಲುಚೀಲ ಎಲ್ಲಿ?" ಎಂದು ಚಿಕ್ಕಪ್ಪ ಮನೆಯೆಲ್ಲ ತಡಕಾಡುತ್ತಿದ್ದರು. ಚಿಕ್ಕಮ್ಮ ತುರುಬಿಗೆ ಇನ್ನೆರಡು ಪಿನ್ನು ಚುಚ್ಚಿದಳು.

ಬಸ್ಸಿನಲ್ಲಿ ತುರುಬು ಮೇಲಿನ ಕಂಬಿಗೆ ತಾಗುತ್ತಿದ್ದರಿಂದ, ಕಳೆದುಹೋದ ನಾಣ್ಯ ಹುಡುಕುವವಳ ಹಾಗೆ ಬಗ್ಗಿ ನಿಂತಳು. ಹಾಳೆಯಲ್ಲಿ ಬರೆದುಕೊಂಡಿದ್ದ ವಿವರಣೆಯ ಮೊದಲ ಸಾಲು ಮನಸ್ಸಿನಲ್ಲಿ ಸುತ್ತುತ್ತಿತ್ತು, ಎರಡನೆಯದು ನೆನಪಾಗುತ್ತಿರಲಿಲ್ಲ. ಹಿಂದಿನ ಸೀಟಿನ ಅಜ್ಜ ಅವಳ ತೋಳು ತಟ್ಟಿದರು.

"ಮಗಾ, ನಿನ್ನ ತಲೆ ಮೇಲೆ ಇರುವೆ ಸಾಲು ಹೋಗ್ತಾ ಇದೆ."

"ಗೊತ್ತು ತಾತ."

"ಈಗ ಕುತ್ತಿಗೆ ಕಡೆ ತಿರುಗ್ತು. ಅದಕ್ಕೇ ಹೇಳ್ದೆ."

ಮ್ಯೂಸಿಯಮ್ಮಿನ ಬಾಗಿಲಲ್ಲಿ ಮೇಲಧಿಕಾರಿ ಅವಳ ಸುತ್ತ ಒಂದು ಸುತ್ತು ಬಂದರು. "ಪೋಸ್ಟ್‌ಕಾರ್ಡೇ ಎದ್ದು ಬಂದ ಹಾಗಿದೆಯಲ್ಲಮ್ಮ. ನಾಳೆಯಿಂದ ಕಿಂಡಿಗೆ ಬೇರೆಯವರನ್ನ ನೋಡ್ಬೇಕು ಅನ್ಸುತ್ತೆ" ಎಂದರು. ಅವಳು ನಾಚಿ ತಲೆ ತಗ್ಗಿಸಲು ಹೋಗಿ, ಪಿನ್ನುಗಳ ನೆನಪಾಗಿ ಕಣ್ಣನ್ನಷ್ಟೇ ತಗ್ಗಿಸಿದಳು.

ಪರದೆಯ ಪಕ್ಕ ನಿಂತಳು. ಇರುವೆಗಳು ಕಾಲರಿನೊಳಗೆ ಇಳಿದಿದ್ದವು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಭುಜ ಕುಣಿಸುತ್ತ, ನಗುತ್ತಲೇ ಇದ್ದಳು. ಮೇಲಧಿಕಾರಿ ಹಗ್ಗ ಎಳೆದರು. ಪರದೆ ಸರಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅದೇ ಮುಖ, ಅದೇ ನೀಲಿ ಉಡುಪು. ಆದರೆ ತುರುಬಿಲ್ಲ, ಗುಂಗುರಿಲ್ಲ. ತಲೆತುಂಬ ಬೆರಳಗಲದ ಕೂದಲು.

ಚಿತ್ರ ಶುಚಿಮಾಡಿದಾತ ಕೆಮ್ಮಿದ. "ಕೊಳೆ ತೆಗೀತಾ ಹೋದ ಹಾಗೆ ಅದರ ಜೊತೆ ಕೂದಲೂ ಕಿತ್ಕೊಂಡು ಬಂದ್ಬಿಡ್ತು ಸಾರ್. ಆಮೇಲೆ ಇನ್ಯಾರೋ ಬಳಿದದ್ದು ಅದು. ಪಾಪ, ಜ್ವರ ಗಿರ ಬಂದು ಕತ್ತರಿಸಿದ್ರೋ ಏನೋ. ಒಳಗಿದ್ದ ಅಸಲು ಇದೇ."

ಎಲ್ಲರ ಕಣ್ಣೂ ಚಿತ್ರದಿಂದ ಹೊರಟು, ಟಿಕೆಟ್ ಹುಡುಗಿಯ ಗೋಪುರವನ್ನು ದಾಟಿ, ಹಿಂದಿನ ಸಾಲಿನ ಲೆಕ್ಕಪತ್ರದ ಮೇಡಂ ತಲೆಯ ಮೇಲೆ ಹೋಗಿ ನಿಂತವು.

"ನಂಗೆ ಇದರ ಬಗ್ಗೆ ಏನೂ ಗೊತ್ತಿಲ್ಲ ಸಾರ್" ಎಂದರು ಮೇಡಂ.

"ಪರವಾಗಿಲ್ಲ. ಅವಳು ಬರ್ಕೊಂಡ್ ಬಂದಿದಾಳಲ್ಲ, ಅದನ್ನೇ ಓದಿ."

ಅವಳು ಕೈಯಲ್ಲಿದ್ದ ಹಾಳೆ ಕೊಟ್ಟು ಕಿಂಡಿಯ ಕಡೆ ಹೊರಟಳು. ಬೆನ್ನ ಹಿಂದೆ ಮೇಡಂ ಗಟ್ಟಿಯಾಗಿ ಓದುವುದು ಕೇಳಿಸಿತು. "ಈಕೆಯ ಸೊಂಪಾದ ಕೇಶರಾಶಿಯನ್ನು ಗಮನಿಸಿ."

ಮಧ್ಯಾಹ್ನ ಕಿಂಡಿಯಾಚೆ ಅಳತೆಪಟ್ಟಿ ಇಳಿಬಿದ್ದ ಪರಿಚಿತ ಹೊಟ್ಟೆಯೊಂದು ನಿಂತಿತು, ಪಕ್ಕದಲ್ಲಿ ಚಿಕ್ಕಮ್ಮನ ಕೈಚೀಲ. "ಎರಡು ಟಿಕೆಟ್ ಕೊಡಿ. ನಮ್ಮ ಹುಡುಗಿ ಒಳಗೆ ನಿಂತಿದಾಳೆ, ನೋಡ್ಬೇಕು." ಅವಳು ಟಿಕೆಟ್ ಹರಿದು ಕೊಟ್ಟು, ಕೈಯನ್ನು ಬೇಗ ಒಳಗೆಳೆದುಕೊಂಡಳು.

ಸ್ವಲ್ಪ ಹೊತ್ತಿಗೇ ಅದೇ ಹೊಟ್ಟೆ ಮರಳಿತು. "ಒಳಗಿದೀಯಲ್ಲ, ಗೊತ್ತಾಯ್ತು ಬಿಡು. ಟಿಕೆಟ್ ಮೇಲೆ ಇರುವೆ ಇತ್ತು" ಎಂದಿತು ಟೈಲರಮ್ಮನ ದನಿ. "ಬೆಳಿಗ್ಗೆ ನಾನೇನು ಹೇಳ್ದೆ? ಕೇಳಿದ್ಯಾ? ಈಗಲೂ ಹೊತ್ತು ಮೀರಿಲ್ಲ."

ಕಿಂಡಿಯಲ್ಲಿ ಕತ್ತರಿ ತೂರಿ ಬಂತು.

"ತಲೆ ಸ್ವಲ್ಪ ಮುಂದಕ್ಕೆ ತಾ."

ಅವಳು ಒಂದು ಗಳಿಗೆ ಯೋಚಿಸಿದಳು. ಒಳಗಿನಿಂದ ಮೇಡಂ ಓದುತ್ತಿರುವುದು ಕೇಳುತ್ತಲೇ ಇತ್ತು. ಕಣ್ಣು ಮುಚ್ಚಿ ತಲೆ ಬಗ್ಗಿಸಿ ಕಿಂಡಿಗೆ ಕೊಟ್ಟಳು. ತುರುಬು ಅರ್ಧ ಹೊರಗೆ ಹೋಗಿ, ಚಿಕ್ಕಪ್ಪನ ಕಾಲುಚೀಲದ ಗಂಟು ಇದ್ದಲ್ಲಿಗೆ ಸರಿಯಾಗಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಸಾಲಲ್ಲಿ ನಿಂತು ಎಷ್ಟು ಹೊತ್ತಾಯ್ತು" ಎಂದು ಯಾರೋ ಹಿಂದಿನಿಂದ ಕೂಗಿದರು. "ಕಿಂಡೀಲಿ ಇಟ್ಟಿರೋ ಆ ಗೊಂಬೆ ಆಮೇಲೆ ನೋಡಿ, ಮೊದಲು ಟಿಕೆಟ್ ತಗೊಳ್ಳಿ."