ಹನ್ನೊಂದು ಜನರ ಪಾಲು

ಪಂದ್ಯದ ತಾರೀಖು ಗೊತ್ತುಮಾಡಿದ ಪುಣ್ಯಾತ್ಮ ಪಂಚಾಂಗ ನೋಡಿರಲಿಲ್ಲ. ಕೆಟ್ಟದ್ದೇ ಅಲ್ಲಿ. ಎಳ್ಳು ಅಮಾವಾಸ್ಯೆ ಎಂದರೆ ತಿಕೋಟಾದ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮ್ತಾಯಿಯ ಎಡೆಯೆಂದು ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಕೂತು ಹೊಟ್ಟೆ ಬಿರಿಯುವಂತೆ ಉಣ್ಣುವ ದಿನ. ೧೯೭೬ರಲ್ಲಿ ಅದೇ ದಿನ ನಾಲ್ಕು ಗಂಟೆಗೆ ವಿಜಾಪುರದ ಫುಟ್‌ಬಾಲ್ ತಂಡ ತಿಕೋಟಾದ ಪುಟ್ಟ ಕಾಲೇಜಿನ ಮೈದಾನಕ್ಕೆ ಬರುವುದಿತ್ತು.

ಕೋಚ್ ಲಾಡಲೇಸಾಬರು ಒಂಬತ್ತು ವರ್ಷದಿಂದ ಈ ಕಾಲೇಜಿನಲ್ಲಿ ಫುಟ್‌ಬಾಲ್ ಕಲಿಸುತ್ತಿದ್ದರು. ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಹಿಂದಿನ ದಿನ ಪ್ರಿನ್ಸಿಪಾಲ್ ಶಿವಯೋಗೆಪ್ಪನವರು ಕರೆಸಿ, "ನಾಳಿ ಸೋತ್ರ ಕೋಚ್ ಹುದ್ದೆ ತಗದ ಬಿಡ್ತೀವಿ ನೋಡ್ರಿ. ಲೈಬ್ರರ್ಯಾಗ ಪುಸ್ತಕದ ಧೂಳ ಝಾಡಸ್ಕೋತ ಕೂಡ್ರಿ" ಎಂದಿದ್ದರು. ಫುಟ್‌ಬಾಲ್ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಏನೂ ಬೇಕಿರಲಿಲ್ಲ. ರಾತ್ರಿ ಉಣ್ಣದೆಯೇ ಮಲಗಿದರು.

ಬೆಳಿಗ್ಗೆ ಮೈದಾನಕ್ಕೆ ಹೋದರೆ ಒಬ್ಬ ಆಟಗಾರನೂ ಇಲ್ಲ. ಸೈಕಲ್ ಹತ್ತಿ ಬಬಲೇಶ್ವರದ ರಸ್ತೆ ಹಿಡಿದರು. ಮೊದಲ ಹೊಲದಲ್ಲೇ ತಂಡದ ನಾಯಕ ಸಂಗೊಂಡ ಸಿಕ್ಕ, ಊಟದ ತಾಟಿನ ಮುಂದೆ.

"ಲೇ ಸಂಗ್ಯಾ, ಏಳ ಮೊದಲ! ಇಷ್ಟ ಉಂಡು ಓಡಾಕ ಆಗತೈತೇನ?"

ಅವನ ಅಜ್ಜಿ ಹೊಳೆವ್ವ ಅಡ್ಡ ಬಂದಳು. "ಯಪ್ಪಾ ಮಾಸ್ತರ, ಇವತ್ತ ಮನೀ ಮಗ ಉಣ್ಣದ ಹೊಲ ಬಿಟ್ಟ ಹೋದ್ರ ಭೂಮ್ತಾಯಿ ಮುನಸ್ಕೋತಾಳ."

"ಹಂಗಾರ ಅವನ ಪಾಲಿಂದು ನಾ ಉಣ್ತೀನಿ ಬೇ. ಅವನ್ನ ಬಿಡು."

ಹೊಳೆವ್ವ ಗಳಿಗೆ ಹೊತ್ತು ಯೋಚಿಸಿದಳು. "ಗುರು ಉಂಡ್ರ ಶಿಷ್ಯಾ ಉಂಡಂಗ. ಕೂಡ್ರಿ. ಆದ್ರ ಹರೇದ ಹುಡುಗನ ಊಟ ಉಣಬೇಕ ಮತ್ತ!"

ನಾಲ್ಕು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮೇಲೆ ಮೂರು ಸೇಂಗಾ ಹೋಳಿಗೆ. ಸಂಗೊಂಡ ಖಾಲಿ ಹೊಟ್ಟೆಯಲ್ಲಿ ಮೈದಾನಕ್ಕೆ ಓಡಿದ. ಸುದ್ದಿ ಮಾತ್ರ ಸೈಕಲ್ಲಿಗಿಂತ ಮುಂದೆ ಓಡಿತು. ಎರಡನೆಯ ಆಟಗಾರನ ಹೊಲದಲ್ಲಿ ಮನೆಯವರು ಆಗಲೇ ಮಾಸ್ತರರಿಗೆ ತಾಟು ಹಚ್ಚಿಟ್ಟಿದ್ದರು.

"ಹೊಳೆವ್ವನ ಹೊಲ್ದಾಗ ಮೂರ ಹೋಳಿಗಿ ಉಂಡೀರಂತ. ನಮ್ಮಲ್ಲಿ ಎರಡಕ್ಕ ಸಾಕಂದ್ರ ಹ್ಯಾಂಗ್ರಿ? ನಮ್ಮ ಹುಡುಗ ಏನ್ ಕಡಿಮಿ?"

ಹೊಲ ಹೊಲಕ್ಕೂ ಹಟ ಬೆಳೆಯಿತು. ಐದನೆಯ ಹೊಲದಲ್ಲಿ ಲಾಡಲೇಸಾಬರು ಬೆಲ್ಟು ಬಿಚ್ಚಿದರು. ಏಳನೆಯದರ ನಂತರ ಸೈಕಲ್ ಹತ್ತಲಾಗದೆ ನೂಕಿಕೊಂಡು ನಡೆದರು. ಹೊಟ್ಟೆ ಜೋಳ ತುಂಬಿದ ಹಗೇವಿನಂತಾಗಿತ್ತು. ಹನ್ನೊಂದನೆಯ ಹೊಲದಲ್ಲಿ ಇಬ್ಬರು ಹೆಣ್ಣುಮಕ್ಕಳು ರಟ್ಟೆ ಹಿಡಿದು ಕೂಡಿಸಿದರು.

"ಬ್ಯಾಡ್ರೆವ್ವಾ, ಕಾಲ ಬೀಳ್ತೀನಿ, ಸಾಯ್ತೀನಿ ನಾ!"

"ಉಂಡು ಸತ್ತಾವ್ರನ್ನ ನಾವಂತೂ ನೋಡಿಲ್ರಿ. ಇದೊಂದ ಕಡಬ, ಸಾಕು."

ಕೊನೆಯ ಆಟಗಾರನೂ ಮೈದಾನದ ಕಡೆ ಓಡಿದ. ಆಗ ಮೂರು ಗಂಟೆ. ಐದೇ ನಿಮಿಷ ಎಂದು ಲಾಡಲೇಸಾಬರು ಬೇವಿನ ಮರದ ಕೆಳಗೆ ಅಡ್ಡಾದರು.

ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು. ಹನ್ನೊಂದೂ ಜನ ಸುತ್ತ ಕುಣಿಯುತ್ತಿದ್ದರು. "ಸರ್, ಗೆದ್ವಿ! ಒಂದ ಗೋಲಿನ್ಯಾಗ ಗೆದ್ವಿ!"

ಅಯ್ಯೋ, ಒಂಬತ್ತು ವರ್ಷ ಕಾದ ಗೆಲುವು ಅವರು ಗೊರಕೆ ಹೊಡೆಯುವಾಗ ಬಂದು ಹೋಗಿತ್ತು. ಸಂತೋಷವೋ ದುಃಖವೋ ತಿಳಿಯದೆ ಕಣ್ಣು ತುಂಬಿದವು. ಹಿಂದೆಯೇ ಪ್ರಿನ್ಸಿಪಾಲರೂ ಬಂದರು. ಲಾಡಲೇಸಾಬರು ಮರ ಹಿಡಿದು ಎದ್ದು ನಿಂತರು.

"ಸರ್, ಗೆದ್ವಲ್ರಿ! ನನ್ನ ಹುದ್ದೆ ಉಳೀತಲ್ರಿ?"

"ನೋಡ್ರಿ ಲಾಡಲೇಸಾಬ್ರ, ಒಂಬತ್ತ ವರ್ಷ ನೀವು ಗೆರೀ ಮ್ಯಾಲ ನಿಂತ ಒದರಿದ್ರಿ, ಸೋತ್ರು. ಒಂದ ದಿನ ನೀವಿಲ್ಲ, ಗೆದ್ರು. ಕಾಲೇಜ ಕಮಿಟಿಯವ್ರು ಮೈದಾನದಾಗ ಕೂಡಿ ಮಾತಾಡ್ಯಾರ. ಈ ಹುಡುಗರಿಗೆ ಕೋಚ್ ಬೇಕಾಗಿಲ್ಲಂತ. ನಾಳಿಂದ ಲೈಬ್ರರಿಗೆ ಬರ್ರಿ."

"ಸರ್, ನಾ ಉಂಡದ್ದ ಇವ್ರ ಸಲುವಾಗಿ..."

"ಗೊತ್ತೈತ್ರಿ. ಊರ ತುಂಬ ಅದ ಮಾತು. ಚಲೋ ಉಂಡೀರಂತ."

ಪ್ರಿನ್ಸಿಪಾಲರು ಹೊರಟುಹೋದರು. ಹುಡುಗರ ಕುಣಿತ ನಿಂತಿತು. ಲಾಡಲೇಸಾಬರು ಮತ್ತೆ ನೆಲಕ್ಕೆ ಕುಸಿದು, ಸಂಗೊಂಡನ ಕೈ ಹಿಡಿದುಕೊಂಡರು.

"ಗೋಲ್ ಹ್ಯಾಂಗ ಹೊಡದಿ, ಹೇಳಪಾ."

"ನೀವ ಕಲಿಸಿದಂಗರಿ ಸರ್. ಎಡಕ್ಕ ನೋಡಿದೆ, ಬಲಕ್ಕ ಒದ್ದೆ." ಸಂಗೊಂಡ ಒಂದು ಮಣ್ಣಿನ ಹೆಂಟೆ ಇಟ್ಟು, ಎಡಕ್ಕೆ ನೋಡಿ ಬಲಕ್ಕೆ ಒದ್ದು ತೋರಿಸಿದ. ಹೆಂಟೆ ಪುಡಿಯಾಗಿ ಹಾರಿತು.

ಲಾಡಲೇಸಾಬರು ಕಣ್ಣೊರೆಸಿಕೊಂಡರು. "ಇನ್ನೊಮ್ಮೆ ತೋರ್ಸಪಾ."