ಮಲಬದ್ಧತೆ ವಿಲೇವಾರಿ ಕುರಿತ ಸುತ್ತೋಲೆ

ಅಹವಾಲು ವಿಭಾಗದ ಹೆಡ್ ಗುಮಾಸ್ತರಿಗೆ ಮೂರು ದಿನಗಳಿಂದ ಮಲವಿಸರ್ಜನೆ ಆಗಿರಲಿಲ್ಲ. ಇದು ಕಚೇರಿಯ ದಾಖಲೆಗಳಿಂದ ದೃಢಪಟ್ಟಿದೆ. ನಾಲ್ಕನೆಯ ದಿನ ಹನ್ನೊಂದು ಹತ್ತರಿಂದ ಹನ್ನೊಂದು ಐವತ್ತರವರೆಗೆ ಅವರು ಕುರ್ಚಿಯಲ್ಲಿ ಇರಲಿಲ್ಲ ಎಂಬುದೂ ದೃಢಪಟ್ಟಿದೆ. ಹನ್ನೆರಡಕ್ಕೆ ಮೆಮೊ ಬಂತು: “ನಲವತ್ತು ನಿಮಿಷ ಎಲ್ಲಿದ್ದಿರಿ, ಏನು ಸಾಧಿಸಿದಿರಿ ಎಂಬುದಕ್ಕೆ ಲಿಖಿತ ಉತ್ತರ ಸಲ್ಲಿಸತಕ್ಕದ್ದು.”

ಹೆಡ್ ಗುಮಾಸ್ತರು ಸುಳ್ಳು ಬಾರದ ಮನುಷ್ಯ. “ಶೌಚಾಲಯದಲ್ಲಿದ್ದೆ. ಏನೂ ಸಾಧಿಸಲಿಲ್ಲ. ಕಾರಣ: ಮಲಬದ್ಧತೆ” ಎಂದು ಬರೆದುಕೊಟ್ಟರು.

ನಿರ್ದೇಶಕರು ಅದನ್ನು ಎರಡು ಸಲ ಓದಿ ಅವರನ್ನು ಕರೆಸಿದರು.

“ಬದ್ಧತೆ ಒಳ್ಳೇದೇ ಅಲ್ವೇನ್ರೀ? ಮತ್ತೆ ಕುರ್ಚಿ ಬಿಟ್ಟು ಯಾಕೆ ಹೋದ್ರಿ?”

“ಈ ಬದ್ಧತೆ ಬೇರೆ ಸಾರ್. ಹೊಟ್ಟೇದು.”

“ಎಷ್ಟು ದಿನದಿಂದ ಬಾಕಿ?”

“ಮೂರು ದಿನ ಸಾರ್.”

“ನಮ್ಮಲ್ಲಿ ಮೂರು ವರ್ಷದಿಂದ ಬಾಕಿ ಇರೋ ಅರ್ಜಿಗಳಿವೆ. ಅವು ಯಾವತ್ತಾದ್ರೂ ಮುಲುಗಿದ್ದು ಕೇಳಿದೀರಾ?”

ಕೇಳಿರಲಿಲ್ಲವಾದ್ದರಿಂದ ಹೆಡ್ ಗುಮಾಸ್ತರು ತಲೆ ತಗ್ಗಿಸಿ ಹೊರಬಂದರು. ಊಟದ ಬಿಡುವಿನಲ್ಲಿ ಎದುರು ರಸ್ತೆಯ ಔಷಧಿ ಅಂಗಡಿಗೆ ಹೋದರು. ಅಂಗಡಿಯಾಕೆಯನ್ನು ಎಲ್ಲರೂ ಕರೆಯುವುದು ಅಕ್ಕ ಎಂದೇ.

“ನೀರು ಎಷ್ಟು ಕುಡೀತೀರಿ?” ಅಕ್ಕ ಕನ್ನಡಕದ ಮೇಲಿಂದ ನೋಡಿದರು.

“ಕಚೇರೀಲಿ ಕುಡಿಯಲ್ಲಕ್ಕ. ಕುಡಿದ್ರೆ ಎದ್ದು ಹೋಗ್ಬೇಕಾಗುತ್ತೆ.”

“ಹೊಟ್ಟೆ ನೋವು, ವಾಂತಿ, ರಕ್ತ ಏನಾದ್ರೂ ಇದೆಯಾ? ಇದ್ರೆ ನನ್ನ ಹತ್ರ ಅಲ್ಲ, ಡಾಕ್ಟರ ಹತ್ರ ಹೋಗ್ಬೇಕು. ಬೇರೆ ಯಾವುದಾದ್ರೂ ಮಾತ್ರೆ ತಗೋತಿದೀರಾ?”

“ಏನೂ ಇಲ್ಲ.”

“ಸರಿ. ಮೊದ್ಲು ನೀರು ಕುಡೀರಿ, ಹಣ್ಣು ತರಕಾರಿ ತಿನ್ನಿ, ಒಂದಿಷ್ಟು ನಡೀರಿ. ಜೊತೆಗೆ ಈ ಮಾತ್ರೆ, ಮಲಗೋ ಮುಂಚೆ ಒಂದು. ಒಂದೇ! ಬೇಗ ಆಗ್ಲಿ ಅಂತ ಇನ್ನೊಂದು ನುಂಗಬೇಡಿ. ಸರಿಹೋದ ಮೇಲೆ ನಿಲ್ಲಿಸಿಬಿಡಿ, ದಿನಾ ತಗೊಳ್ಳೋದಲ್ಲ ಇದು. ವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಿ.”

ಹೆಡ್ ಗುಮಾಸ್ತರು ಹೇಳಿದಷ್ಟನ್ನೇ ಮಾಡಿದರು. ಎರಡನೆಯ ದಿನ ಬೆಳಗ್ಗೆ ಹಗುರವಾಗಿ ಕಚೇರಿಗೆ ಬಂದು, ಮೆಮೊದ ಕಡತದಲ್ಲಿ “ಬಾಕಿ ವಿಲೇವಾರಿಯಾಗಿದೆ” ಎಂದು ಷರಾ ಬರೆದರು.

ಆ ಕಚೇರಿಯಲ್ಲಿ ಇಂಥ ಷರಾ ಕಂಡು ಹನ್ನೊಂದು ತಿಂಗಳಾಗಿತ್ತು. ಮುಂದಿನ ಗುರುವಾರ ಕೇಂದ್ರ ಕಚೇರಿಯಿಂದ ತಪಾಸಣೆ ಬೇರೆ ಇತ್ತು. ನಿರ್ದೇಶಕರ ಭಾವಮೈದುನ ಅದೇ ಮಾತ್ರೆಯ ಏಜೆಂಟರಾಗಿದ್ದುದು, ಅವರ ಗೋದಾಮಿನಲ್ಲಿದ್ದ ಪೆಟ್ಟಿಗೆಗಳ ಅವಧಿ ತಿಂಗಳ ಕೊನೆಗೆ ಮುಗಿಯಲಿದ್ದುದು ಕೇವಲ ಆಕಸ್ಮಿಕ ಎಂದು ಸ್ವತಃ ನಿರ್ದೇಶಕರೇ ಪ್ರಮಾಣೀಕರಿಸಿದ್ದಾರೆ. ಸೋಮವಾರ ಸುತ್ತೋಲೆ ಹೊರಬಿತ್ತು:

“ಬಾಕಿ ಇದ್ದರೂ ಇಲ್ಲದಿದ್ದರೂ ಎಲ್ಲ ನೌಕರರು ಪ್ರತಿದಿನ ಹಾಜರಿ ಹಾಕಿದ ಕೂಡಲೇ ಮಾತ್ರೆ ಸೇವಿಸತಕ್ಕದ್ದು. ಕಿರಿಯ ನೌಕರರಿಗೆ ಒಂದು, ಹಿರಿಯರಿಗೆ ಎರಡು, ಅಧಿಕಾರಿಗಳಿಗೆ ಮೂರು. ಮೇಲಿನವರು ಕೈಕೆಳಗಿನವರಿಗಿಂತ ಕಡಿಮೆ ಸೇವಿಸುವುದನ್ನು ಅಶಿಸ್ತೆಂದು ಪರಿಗಣಿಸಲಾಗುವುದು.”

ಹೆಡ್ ಗುಮಾಸ್ತರು ಧೈರ್ಯ ಮಾಡಿ ಒಳಗೆ ಹೋದರು. “ಸಾರ್, ಡಬ್ಬಿ ಮೇಲೆ ದೊಡ್ಡವರಿಗೆ ಒಂದು ಅಂತಿದೆ.”

“ಎಷ್ಟು ದೊಡ್ಡವರಿಗೆ? ದರ್ಜೆ ಬರೆದಿಲ್ವಲ್ಲ.”

“ಆದ್ರೂ ತೊಂದ್ರೆ ಇಲ್ಲದವರು ಯಾಕೆ ಸಾರ್...”

“ಬೆಂಕಿ ಬೀಳೋ ಮುಂಚೇನೇ ಕಾರಿಡಾರ್‌ನಲ್ಲಿ ನೀರಿನ ಬಕೆಟ್ ಇಟ್ಟಿಲ್ವೇನ್ರೀ?”

“ಇಟ್ಟಿದೀವಿ ಸಾರ್. ಅದನ್ನ ದಿನಾ ಸುರೀತಿಲ್ಲ.”

“ಅದೇ ನಮ್ಮ ಲೋಪ,” ಎಂದು ನಿರ್ದೇಶಕರು ಟಿಪ್ಪಣಿ ಮಾಡಿಕೊಂಡರು.

ಹಿರಿಯ ಟೈಪಿಸ್ಟ್ ಮೇಡಂ ಬಿಪಿಗೆಂದು ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. “ಎರಡೂ ಒಟ್ಟಿಗೆ ಆಗುತ್ತಾ? ಒಂದ್ನಿಮಿಷ ಅಕ್ಕನ್ನ ಕೇಳ್ಕೊಂಡು ಬರ್ತೀನಿ” ಎಂದರು. ಹೊರಗಿನವರ ಅಭಿಪ್ರಾಯ ಪಡೆಯಲು ಪೂರ್ವಾನುಮತಿ ಬೇಕೆಂದು ಸೂಪರಿಂಟೆಂಡೆಂಟರು ತಿಳಿಸಿದರು. ಮೇಡಂ ಅರ್ಜಿ ಬರೆದಿಟ್ಟು, ಎರಡು ಮಾತ್ರೆ ನುಂಗಿದರು.

ಆ ಕಚೇರಿಯಲ್ಲಿ ಶೌಚಾಲಯಗಳು ಮೂರು. ಒಂದು ಅಧಿಕಾರಿಗಳದು, ಅದಕ್ಕೆ ಬೀಗ. ಇನ್ನೊಂದು ಹಿಂದಿನ ನಿರ್ದೇಶಕರ ಕಾಲದಿಂದ ದುರಸ್ತಿಯಲ್ಲಿತ್ತು. ಉಳಿದ ಒಂದರ ಮುಂದೆ ನಲವತ್ತೆರಡು ಜನ ಜ್ಯೇಷ್ಠತಾ ಪಟ್ಟಿಯ ಪ್ರಕಾರ ನಿಂತರು. ಒಂದೇ ದಿನ ಕೆಲಸಕ್ಕೆ ಸೇರಿದ್ದ ಇಬ್ಬರು ಗುಮಾಸ್ತರಲ್ಲಿ ಯಾರು ಮೊದಲು ಎಂಬ ವಿವಾದ ಎದ್ದಾಗ ಸೇವಾ ಪುಸ್ತಕ ತರಿಸಲಾಯಿತು. ಅದು ಬರುವಷ್ಟರಲ್ಲಿ ವಿವಾದ ತಾನಾಗಿಯೇ ಬಗೆಹರಿದಿತ್ತು.

ಗುರುವಾರ ಮಧ್ಯಾಹ್ನ ಟೈಪಿಸ್ಟ್ ಮೇಡಂ ಸಾಲಿನಲ್ಲೇ ಕುಸಿದುಬಿದ್ದರು. ತುಟಿ ಒಣಗಿತ್ತು, ಕಣ್ಣು ಮೇಲಾಗಿತ್ತು. ಹೆಡ್ ಗುಮಾಸ್ತರು ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಮೊದಲ ಬಾರಿಗೆ ಅನುಮತಿಯಿಲ್ಲದೆ ಓಡಿದರು. ಅಕ್ಕ ಅಂಗಡಿ ತೆರೆದಂತೆಯೇ ಬಿಟ್ಟು ಬಂದು ನಾಡಿ ಹಿಡಿದು ನೋಡಿ, ಆಂಬುಲೆನ್ಸ್‌ಗೆ ಫೋನ್ ಮಾಡಿಸಿದರು.

“ಯಾರ್ರೀ ಇವರಿಗೆ ದಿನಾ ಆ ಮಾತ್ರೆ ನುಂಗಿಸಿದ್ದು? ಮೈಯಲ್ಲಿರೋ ನೀರು, ಉಪ್ಪು ಎಲ್ಲಾ ಹರಿದುಹೋಗಿದೆ. ಜೀವ ಹೋಗುತ್ತೆ!”

“ಜೀವ ಹೋಗೋದಕ್ಕೆ ಸುತ್ತೋಲೆಯಲ್ಲಿ ಅವಕಾಶ ಇಲ್ಲ,” ಎಂದರು ನಿರ್ದೇಶಕರು, ಬೀಗದ ಕೈ ಹುಡುಕುತ್ತ.

ಆಂಬುಲೆನ್ಸ್‌ನಲ್ಲಿ ಮೇಡಂ ಅವರ ತಣ್ಣನೆಯ ಕೈ ಹಿಡಿದುಕೊಂಡು ಕೂತ ಹೆಡ್ ಗುಮಾಸ್ತರಿಗೆ ಅಳು ಬಂತು. ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತಲ್ಲ, ಚಹಾ ಕುಡಿಯಲು ಹೋಗಿದ್ದೆ ಅಂದಿದ್ದರೆ! ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ನಾಲ್ಕು ದಿನಕ್ಕೆ ಮೇಡಂ ಎದ್ದು ಕೂತರು.

ಅತ್ತ ತಪಾಸಣಾಧಿಕಾರಿಗಳು ಬಂದಾಗ ಕಚೇರಿಯಲ್ಲಿ ಒಬ್ಬರೂ ತೂಕಡಿಸುತ್ತಿರಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು, ಕೆಲವರು ಓಡುತ್ತಲೂ ಇದ್ದರು. “ಇಷ್ಟು ಚಲನಶೀಲ ಕಚೇರಿಯನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ಈ ಯೋಜನೆಯನ್ನು ಎಲ್ಲ ಶಾಖೆಗಳಿಗೂ ವಿಸ್ತರಿಸಬಹುದು” ಎಂದು ಅವರು ವರದಿ ಬರೆದರು. ಭಾವಮೈದುನರು ಹೊಸ ಗೋದಾಮು ತೆರೆದರು. ಅನುಮತಿಯಿಲ್ಲದೆ ಸರಿಯಾದ ಸಲಹೆ ನೀಡಿದ್ದಕ್ಕೆ ಅಕ್ಕನಿಗೆ ನೋಟಿಸ್ ಹೋಯಿತು. ಟೈಪಿಸ್ಟ್ ಮೇಡಂ ಸರದಿ ಬರುವ ಮುನ್ನವೇ ಮೂರ್ಛೆ ಹೋದದ್ದು ತಪ್ಪೆಂದು ವಿಚಾರಣಾ ಸಮಿತಿ ತೀರ್ಮಾನಿಸಿತು. ಮೇಡಂ ತಮ್ಮ ಕ್ಷಮಾಪಣೆ ಪತ್ರವನ್ನು ತಾವೇ ಟೈಪ್ ಮಾಡಿ, ಎರಡು ಪ್ರತಿ ತೆಗೆದು, ಸಹಿ ಹಾಕಿದರು. ದಿನಾ ನುಂಗುತ್ತ ಹೋದ ಹೆಡ್ ಗುಮಾಸ್ತರಿಗೆ ಈಗ ಮಾತ್ರೆ ಇಲ್ಲದೆ ಆಗುವುದೇ ಇಲ್ಲ. ಆದ್ದರಿಂದ ಅವರ ಆಕ್ಷೇಪಣೆಯೂ ಇಲ್ಲ.

ಮೊನ್ನೆ ಒಬ್ಬ ಅಜ್ಜಿ ತನ್ನ ಅರ್ಜಿ ವಿಚಾರಿಸಲು ಬಂದಳು. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಬಾಗಿಲ ಬಳಿಯ ಕಾವಲುಗಾರ ಹೇಳಿದ: “ಎಲ್ರೂ ವಿಲೇವಾರಿಗೆ ಹೋಗಿದಾರಮ್ಮ. ಯಾವಾಗ ಬರ್ತಾರೋ, ಅದು ಅವರ ಕೈಲಿಲ್ಲ.”

ಅಜ್ಜಿ ಬೆಂಚಿನ ಮೇಲೆ ಕೂತು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

“ಇರ್ಲಿ ಬಿಡಪ್ಪ, ಕಾಯ್ತೀನಿ. ಇಷ್ಟು ವರ್ಷ ಬಂದಾಗೆಲ್ಲ ಮೀಟಿಂಗ್‌ನಲ್ಲಿದಾರೆ ಅಂತಿದ್ರಿ. ಈಗ ಏನೋ ಒಂದು ಕೆಲಸವಾದ್ರೂ ಆಗ್ತಿದೆಯಲ್ಲ.”